ನಡುಹಗಲಿನ ಅರ್ಧಗಂಟೆ



ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಕಾರ್ಮಿಕನು ಕೈತೊಳೆದು ಬುತ್ತಿ ಬಿಚ್ಚುತ್ತಾನೆ. ಇದು ಲೋಕದಲ್ಲಿ ತಾನಾಗಿಯೇ ಬೆಳೆದು ಬಂದ ಪದ್ಧತಿಯೆಂದು ನಾವು ಭಾವಿಸುವುದುಂಟು. ಇತಿಹಾಸವನ್ನು ಅವಲೋಕಿಸಿದರೆ, ಈ ಅಲ್ಪ ವಿರಾಮವೂ ಕೇಳಿ ಪಡೆದದ್ದೆಂಬುದು ತಿಳಿದುಬರುತ್ತದೆ.

ಹೊಲದ ರೈತನಿಗೆ ಹಸಿವೆಯೇ ಗಡಿಯಾರ. ಎತ್ತು ದಣಿದಾಗ ನೊಗ ಬಿಚ್ಚಿ ಮರದ ನೆರಳಿನಲ್ಲಿ ರೊಟ್ಟಿ ಉಣ್ಣುತ್ತಾನೆ. ಉಗಿಯಂತ್ರಕ್ಕಾದರೋ ಹಸಿವೂ ಇಲ್ಲ, ದಣಿವೂ ಇಲ್ಲ. 1850ರ ದಶಕದಲ್ಲಿ ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು ತಲೆಯೆತ್ತಿದ ಮೇಲೆ, ಮನುಷ್ಯನ ಹೊಟ್ಟೆ ಯಂತ್ರದ ಗತಿಗೆ ಹೊಂದಿಕೊಳ್ಳಬೇಕಾಯಿತು.

1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದಿತು. ಅದು 7ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9 ಗಂಟೆಗಳ ದುಡಿಮೆಯನ್ನೂ ಒಂದು ಗಂಟೆಯ ವಿರಾಮವನ್ನೂ ಗೊತ್ತುಪಡಿಸಿತು. ವಯಸ್ಕರ ಊಟದ ಬಗೆಗೆ ಅದು ಮೌನವಾಗಿತ್ತು.

ಆ ಮೌನವನ್ನು ಮುರಿದವರು ನಾರಾಯಣ ಮೇಘಾಜಿ ಲೋಖಂಡೆ. ಇವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಅನುಯಾಯಿಗಳು. ‘ದೀನಬಂಧು’ ಪತ್ರಿಕೆಯ ಸಂಪಾದಕರು. 1884ರಲ್ಲಿ ಇವರು ಕಾರ್ಮಿಕರ ಸಭೆಗಳನ್ನು ಕೂಡಿಸಿ, 5,000ಕ್ಕೂ ಹೆಚ್ಚು ಜನರ ಸಹಿಯುಳ್ಳ ಮನವಿಯೊಂದನ್ನು ಸಿದ್ಧಪಡಿಸಿದರು. ಅವರು ಬೇಡಿದ್ದಾದರೂ ಏನು? ಭಾನುವಾರದ ಬಿಡುವು, ಪ್ರತಿದಿನ ಮಧ್ಯಾಹ್ನ ಅರ್ಧಗಂಟೆಯ ವಿಶ್ರಾಂತಿ, ಬೆಳಗಿನ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಸಕಾಲಕ್ಕೆ ಸಂಬಳ, ಗಾಯಗೊಂಡವರಿಗೆ ನೆರವು. ಇಷ್ಟು ಸಣ್ಣ ಬೇಡಿಕೆಗಳಿಗೆ ಇಷ್ಟು ಜನ ಕೂಡಬೇಕಾಗಿತ್ತೆಂಬುದೇ ಆ ಕಾಲದ ಸ್ಥಿತಿಯನ್ನು ಹೇಳುತ್ತದೆ.

1890ರಲ್ಲಿ ಮುಂಬಯಿಯ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯಿದೆಯು ಹನ್ನೆರಡರಿಂದ ಎರಡು ಗಂಟೆಯೊಳಗೆ ಅರ್ಧಗಂಟೆಯಾದರೂ ಕೆಲಸ ನಿಲ್ಲಬೇಕೆಂದು ವಿಧಿಸಿತು. ಪಾಳಿಯ ಕಾರ್ಖಾನೆಗಳಿಗೆ ಮಾತ್ರ ವಿನಾಯಿತಿಯಿತ್ತು. ಈ ಕಾಯಿದೆಗಳ ಹಿಂದೆ ಭಾರತದ ಗಿರಣಿಗಳ ಪೈಪೋಟಿಗೆ ಅಂಜಿದ ಲ್ಯಾಂಕಶೈರಿನ ವರ್ತಕರ ಒತ್ತಾಯವೂ ಇದ್ದಿತು. ಕರುಣೆಯೊಡನೆ ಸ್ವಾರ್ಥವೂ ಬೆರೆತಿದ್ದುದನ್ನು ಇತಿಹಾಸ ಮರೆಮಾಚುವುದಿಲ್ಲ.

ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯು ಇನ್ನೂ ಮುಂದೆ ಹೋಯಿತು. ಸಾಮಾನ್ಯವಾಗಿ 5 ಗಂಟೆಗಳಿಗಿಂತ ಹೆಚ್ಚು ಕಾಲ ಎಡೆಬಿಡದೆ ದುಡಿಸಕೂಡದು, ನಡುವೆ ಅರ್ಧಗಂಟೆಯಾದರೂ ವಿರಾಮವಿರಬೇಕು ಎಂದಿತು. 150ಕ್ಕಿಂತ ಹೆಚ್ಚು ಜನರಿರುವಲ್ಲಿ, ಕುಡಿಯುವ ನೀರಿನ ಅನುಕೂಲದೊಡನೆ ಊಟದ ಕೋಣೆಯನ್ನು ಒದಗಿಸಬೇಕೆಂದಿತು. ಅಂಥ ಕೋಣೆಯಿದ್ದಲ್ಲಿ ಕೆಲಸದ ಸ್ಥಳದಲ್ಲಿ ಉಣ್ಣುವುದನ್ನೇ ನಿಷೇಧಿಸಿತು. ಈ ಕೊನೆಯ ಮಾತು ಮನನೀಯವಾದುದು. ಅನ್ನಕ್ಕೆ ಬೇರೆ ಹೊತ್ತಷ್ಟೇ ಅಲ್ಲ, ಬೇರೆ ಠಾವೂ ಬೇಕೆಂಬುದನ್ನು ಕಾನೂನು ಮನಗಂಡಿತ್ತು.

ಇಂದು ಎಷ್ಟೋ ವಿದ್ಯಾವಂತರು ಮೇಜಿನ ಮೇಲಿನ ಕಾಗದಗಳ ನಡುವೆಯೇ ಎರಡು ತುತ್ತು ನುಂಗಿ, ಅದನ್ನೇ ಕರ್ತವ್ಯನಿಷ್ಠೆಯೆಂದು ಬಗೆಯುತ್ತಾರೆ. ಮೇಲಧಿಕಾರಿ ಏಳದಿದ್ದರೆ ಕೆಳಗಿನವನು ಏಳಲು ಅಂಜುತ್ತಾನೆ. ಹೀಗೆ ಒಬ್ಬನ ಉತ್ಸಾಹವು ಹತ್ತು ಜನರ ಹಸಿವಾಗುತ್ತದೆ.

ನಿಮ್ಮಲ್ಲಿ ಅನೇಕರು ಕಚೇರಿ, ಅಂಗಡಿ, ಶಾಲೆಗಳ ಹೊಣೆ ಹೊತ್ತವರು. ಹೊತ್ತಿಗೆ ಸರಿಯಾಗಿ ನೀವೇ ಮೊದಲು ಏಳಿರಿ, ಜೊತೆಯವರನ್ನೂ ಎಬ್ಬಿಸಿರಿ. ಕಾರ್ಖಾನೆಯಲ್ಲಿ ಗಂಟೆ ಬಾರಿಸುತ್ತದೆ. ನಿಮ್ಮ ಮನೆಯಲ್ಲಿ ಪಾತ್ರೆ ಬೆಳಗುವ ಹೆಣ್ಣುಮಗಳಿಗೆ ಆ ಗಂಟೆಯನ್ನು ಬಾರಿಸಬೇಕಾದವರು ನೀವೇ.