ಹಾನ್ ಬೆನಿಂಕ್: ಮುಕ್ತ ಜಾಝ್‌ನೊಳಗೆ ಉಳಿದ ಸ್ವಿಂಗ್

ಡಚ್ ಡ್ರಮ್ ವಾದಕ ಹಾನ್ ಬೆನಿಂಕ್ ಹೆಸರು ಹೇಳಿದೊಡನೆ ಜಾಝ್ ಕೇಳುಗರಿಗೆ ನೆನಪಾಗುವುದು ಅವರ ವೇದಿಕೆಯ ಪುಂಡಾಟ. ಡ್ರಮ್‌ಸೆಟ್ ಬಿಟ್ಟೆದ್ದು ನೆಲ, ಕುರ್ಚಿ, ರಟ್ಟಿನ ಪೆಟ್ಟಿಗೆ ಎಲ್ಲವನ್ನೂ ಬಾರಿಸುವ ವಾದಕ ಅವರು. ಹೀಗಾಗಿ ಅವರ ಬದುಕನ್ನು ಮೊದಲು ಸ್ವಿಂಗ್, ಆಮೇಲೆ ಬಂಡಾಯ ಎಂದು ಎರಡು ಹೋಳು ಮಾಡಿ ನೋಡುವುದು ಸುಲಭ. ಧ್ವನಿಮುದ್ರಿಕೆಗಳು ಮಾತ್ರ ಈ ವಿಭಜನೆಗೆ ಒಗ್ಗುವುದಿಲ್ಲ.

ಬೆನಿಂಕ್ ಹುಟ್ಟಿದ್ದು 1942ರ ಏಪ್ರಿಲ್ 17ರಂದು, ಆಮ್‌ಸ್ಟರ್‌ಡ್ಯಾಮ್ ಸಮೀಪದ ಜಾನ್‌ಡಾಮ್‌ನಲ್ಲಿ. ತಂದೆ ಆರ್ಕೆಸ್ಟ್ರಾದಲ್ಲಿ ತಾಳವಾದ್ಯ ನುಡಿಸುತ್ತಿದ್ದವರು. ಮಗ ಚಿತ್ರಕಲೆಯನ್ನೂ ಓದಿದರು. ಮುಂದೆ ಅನೇಕ ಧ್ವನಿಮುದ್ರಿಕೆಗಳ ಹೊದಿಕೆಗಳನ್ನು ತಾವೇ ರಚಿಸಿದರು. ಅಮೆರಿಕದ ಏಕವಾದಕರು ಆಗ ಯುರೋಪಿಗೆ ಒಂಟಿಯಾಗಿ ಬಂದು ಸ್ಥಳೀಯ ಪಕ್ಕವಾದ್ಯದವರೊಂದಿಗೆ ನುಡಿಸುವುದು ರೂಢಿಯಾಗಿತ್ತು. ಡೆಕ್ಸ್‌ಟರ್ ಗಾರ್ಡನ್, ಜಾನಿ ಗ್ರಿಫಿನ್‌ರಂಥವರಿಗೆ ಸಾಥ್ ನೀಡುತ್ತಲೇ ಬೆನಿಂಕ್‌ರ ಕೈ ಪಳಗಿತು.

1964ರ ಜೂನ್ 2ರಂದು ಹಿಲ್ವರ್ಸಮ್‌ನಲ್ಲಿ ಎರಿಕ್ ಡಾಲ್ಫಿ ಜೊತೆ ಮುದ್ರಿಸಿದ ‘ಲಾಸ್ಟ್ ಡೇಟ್’ ಇದಕ್ಕೆ ಸಾಕ್ಷಿ. ಪಿಯಾನೊದಲ್ಲಿ ಮಿಷಾ ಮೆಂಗೆಲ್‌ಬರ್ಗ್, ಬಾಸ್‌ನಲ್ಲಿ ಜಾಕ್ ಸ್ಕೋಲ್ಸ್. ಡಾಲ್ಫಿ ಅದೇ ತಿಂಗಳ 29ರಂದು ಬರ್ಲಿನ್‌ನಲ್ಲಿ ತೀರಿಕೊಂಡರು. ಇದರಲ್ಲಿರುವ ‘ಎಪಿಸ್ಟ್ರಫಿ’ ಥೆಲೋನಿಯಸ್ ಮಾಂಕ್ ಮತ್ತು ಕೆನ್ನಿ ಕ್ಲಾರ್ಕ್ ಕೂಡಿ ರಚಿಸಿದ್ದು. ಲಯದ ಹೊಣೆಯನ್ನು ಬಾಸ್ ಡ್ರಮ್‌ನಿಂದ ರೈಡ್ ಸಿಂಬಲ್‌ಗೆ ದಾಟಿಸಿದವರು ಇದೇ ಕ್ಲಾರ್ಕ್. ಡಾಲ್ಫಿಯ ಬಾಸ್ ಕ್ಲಾರಿನೆಟ್ ಸ್ವರದಿಂದ ಸ್ವರಕ್ಕೆ ಹಾರುವಾಗ, ಇಪ್ಪತ್ತೆರಡರ ಬೆನಿಂಕ್ ಆ ಪಾಠವನ್ನೇ ನೆಚ್ಚಿ ನಡೆಯನ್ನು ಹಿಡಿದಿಟ್ಟಿದ್ದಾರೆ.

1967 ನಿರ್ಣಾಯಕ ವರ್ಷ. ಮೆಂಗೆಲ್‌ಬರ್ಗ್ ಮತ್ತು ವಿಲ್ಲೆಮ್ ಬ್ರಾಯ್ಕರ್ ಜೊತೆಗೂಡಿ ಬೆನಿಂಕ್ ‘ಇನ್‌ಸ್ಟಂಟ್ ಕಂಪೋಸರ್ಸ್ ಪೂಲ್’ ಕಟ್ಟಿದರು. ವಾದಕರೇ ನಡೆಸುವ ಧ್ವನಿಮುದ್ರಣ ಸಂಸ್ಥೆಯಾಗಿಯೂ ಬೆಳೆದ ಈ ಕೂಟದ ಮೊದಲ ಮುದ್ರಿಕೆ ಬ್ರಾಯ್ಕರ್–ಬೆನಿಂಕ್ ಜೋಡಿಯದು. ಆ ವರ್ಷದ ಮೇ ತಿಂಗಳಲ್ಲೇ ಬೆನಿಂಕ್ ಸ್ಯಾಕ್ಸೊಫೋನ್ ವಾದಕ ಸಾನಿ ರೋಲಿನ್ಸ್ ಜೊತೆ ಹಾಲೆಂಡಿನಲ್ಲಿ ನುಡಿಸಿದರು. ಆ ವಾದನದ ಮುದ್ರಣಗಳು 2020ರಲ್ಲಿ ‘ರೋಲಿನ್ಸ್ ಇನ್ ಹಾಲೆಂಡ್’ ಎಂದು ಹೊರಬಂದವು. 1968ರ ಮೇನಲ್ಲಿ ಬ್ರೆಮೆನ್‌ನಲ್ಲಿ ಪೀಟರ್ ಬ್ರೋಟ್ಸ್‌ಮನ್‌ರ ‘ಮಷಿನ್ ಗನ್’ ಮುದ್ರಣವಾಯಿತು. ಎಂಟು ಮಂದಿಯ ಆ ಅಬ್ಬರದಲ್ಲಿ ಡ್ರಮ್ ವಾದಕರೇ ಇಬ್ಬರು: ಬೆನಿಂಕ್ ಮತ್ತು ಸ್ವೆನ್-ಓಕೆ ಯೊಹಾನ್ಸನ್.

ಬೆನಿಂಕ್‌ರ ವಾದನವನ್ನು ಹತ್ತಿರದಿಂದ ಗಮನಿಸಿದರೆ ಪುಂಡಾಟದ ಹಿಂದಿನ ಲೆಕ್ಕಾಚಾರ ತಿಳಿಯುತ್ತದೆ. ಅವರು ಒಂದು ಕಾಲನ್ನೆತ್ತಿ ಡ್ರಮ್‌ನ ಮುಚ್ಚಿಗೆಯ ಮೇಲೆ ಹಿಮ್ಮಡಿ ಊರುತ್ತಾರೆ. ಒತ್ತಡ ಹೆಚ್ಚಿದಂತೆ ಮುಚ್ಚಿಗೆ ಬಿಗಿದು ನಾದ ಏರುತ್ತದೆ, ಕಾಲು ಸಡಿಲಿಸಿದರೆ ಇಳಿಯುತ್ತದೆ. ಕೈಗಳು ಅಷ್ಟರಲ್ಲೂ ಲಯ ಬಿಡುವುದಿಲ್ಲ. ಬರೀ ಒಂದು ಸ್ನೇರ್ ಡ್ರಮ್ ಮತ್ತು ಬ್ರಷ್ ಹಿಡಿದು ಕೂತರೂ ಸ್ವಿಂಗ್ ಹಾಗೆಯೇ ಇರುತ್ತದೆ.

ಇನ್‌ಸ್ಟಂಟ್ ಕಂಪೋಸರ್ಸ್ ಪೂಲ್ ಆರ್ಕೆಸ್ಟ್ರಾ ಮುಂದೆ ಮಾಂಕ್, ಹರ್ಬಿ ನಿಕೋಲ್ಸ್, ಎಲಿಂಗ್ಟನ್‌ರ ರಚನೆಗಳನ್ನು ಕೈಗೆತ್ತಿಕೊಂಡಿತು. ಇದನ್ನು ಬಂಡಾಯಗಾರರು ಹಳೆಯ ಮನೆಗೆ ಮರಳಿದ ಕಥೆಯಾಗಿ ಓದಬೇಕಿಲ್ಲ. ಬೆನಿಂಕ್ ಮಟ್ಟಿಗಂತೂ ಆ ಮನೆ ಬಿಟ್ಟದ್ದೇ ಇಲ್ಲ. ಅಮೆರಿಕದ ಲಯವನ್ನು ಕೈಬಿಟ್ಟಾಗಲೇ ಯುರೋಪಿನ ಜಾಝ್ ಸ್ವತಂತ್ರವಾಯಿತು ಎಂಬ ಇತಿಹಾಸಕ್ಕೆ ಅವರ ವೃತ್ತಿಜೀವನ ಒಂದು ಗಟ್ಟಿ ಅಪವಾದ.