ಕಡಲಿನ ಮೇಲೆ ಕರ್ನಾಟಕದ ಅಧಿಕಾರ ಎಲ್ಲಿಯವರೆಗೆ?

ಅರಳಗುಪ್ಪೆ, ತುರುವೇಕೆರೆ ಕಡೆಯ ತೆಂಗಿನ ಸೀಮೆಯಲ್ಲಿ ಪೊಲೀಸ್ ಠಾಣೆಯ ಸರಹದ್ದೆಂದರೆ ಊರು, ಹಳ್ಳ, ಗಡಿಕಲ್ಲು. ತಿಪಟೂರಿನ ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗ ದಾಟಿ, ಘಟ್ಟ ಇಳಿದು ಹೊನ್ನಾವರ ತಲುಪಿದರೆ ಅಲ್ಲಿ ನೀರಿನ ಮೇಲೆ ಸರಹದ್ದು ಇರುವ ಠಾಣೆಯೇ ಇದೆ. ಆ ನೀರಿನಲ್ಲಿ ರಾಜ್ಯದ ಕಾನೂನು ನಡೆಯುವುದು 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿ.ಮೀ. ಅದರಾಚೆ ಕೇಂದ್ರದ ಅಧಿಕಾರ.

ಗಡಿ ಗೊತ್ತುಮಾಡಿದ ಕಾನೂನು

ಭಾರತದ ಕಡಲ ವಲಯಗಳನ್ನು 1976ರ ಕಾಯ್ದೆ ನಿಗದಿ ಮಾಡಿದೆ. ತೀರದ ಆಧಾರರೇಖೆಯಿಂದ 12 ಮೈಲಿವರೆಗೆ ದೇಶದ ಪೂರ್ಣ ಸಾರ್ವಭೌಮತ್ವ. ಆದರೂ ಶಾಂತಿಗೆ ಭಂಗ ತಾರದೆ ಹಾದುಹೋಗುವ ವಿದೇಶಿ ಹಡಗನ್ನು ಸುಮ್ಮನೆ ತಡೆಯುವಂತಿಲ್ಲ. 24 ಮೈಲಿವರೆಗೆ ಸುಂಕ, ವಲಸೆ, ಭದ್ರತೆಯ ತಪಾಸಣೆ ನಡೆಸಬಹುದು. 200 ಮೈಲಿವರೆಗಿನದು ವಿಶೇಷ ಆರ್ಥಿಕ ವಲಯ. ಅಲ್ಲಿನ ಮೀನು, ಖನಿಜದ ಹಕ್ಕು ನಮ್ಮದು, ಹಡಗುಗಳ ಸಂಚಾರ ಎಲ್ಲರದು. 1982ರ ವಿಶ್ವಸಂಸ್ಥೆಯ ಕಡಲ ಒಪ್ಪಂದವೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ.

ಸಂವಿಧಾನದಲ್ಲಿ ಪೊಲೀಸ್ ಮತ್ತು ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿವೆ. 12 ಮೈಲಿಯಾಚೆಯ ಮೀನುಗಾರಿಕೆ ಕೇಂದ್ರ ಪಟ್ಟಿಯ 57ನೇ ನಮೂದು. 12 ಮೈಲಿಯೊಳಗೂ ಕಡಲತಳದ ಖನಿಜ ಕೇಂದ್ರದ್ದೇ.

ಕೇರಳದ ಮೊಕದ್ದಮೆ

ಈ 12 ಮೈಲಿಯ ಗೆರೆ ಎಷ್ಟು ಗಟ್ಟಿ ಎಂಬುದು ನೆರೆರಾಜ್ಯದ ಒಂದು ದುರಂತದಿಂದ ತಿಳಿಯಿತು. 2012ರ ಫೆಬ್ರವರಿ 15ರಂದು ಕೇರಳ ತೀರದಿಂದ 20.5 ಮೈಲಿ ದೂರದಲ್ಲಿ ಇಟಲಿಯ ಎನ್ರಿಕಾ ಲೆಕ್ಸಿ ಹಡಗಿನಲ್ಲಿದ್ದ ನೌಕಾಯೋಧರ ಗುಂಡಿಗೆ ಸೇಂಟ್ ಆಂಟನಿ ದೋಣಿಯ ಇಬ್ಬರು ಮೀನುಗಾರರು ಬಲಿಯಾದರು. ಕೇರಳ ಪೊಲೀಸರು ಯೋಧರನ್ನು ಬಂಧಿಸಿದರು. ಆದರೆ 2013ರ ಜನವರಿ 18ರಂದು ಸುಪ್ರೀಂ ಕೋರ್ಟ್, 12 ಮೈಲಿಯಾಚೆ ನಡೆದದ್ದಕ್ಕೆ ರಾಜ್ಯಕ್ಕೆ ಅಧಿಕಾರವಿಲ್ಲ, ಮೊಕದ್ದಮೆ ನಡೆಸಬೇಕಾದ್ದು ಕೇಂದ್ರ ಎಂದಿತು. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಯೋಧರಿಗೆ ಭಾರತದ ವಿಚಾರಣೆಯಿಂದ ವಿನಾಯಿತಿ ಇದೆಯೆಂದೂ ಭಾರತಕ್ಕೆ ಪರಿಹಾರ ಸಲ್ಲಬೇಕೆಂದೂ ತೀರ್ಪಿತ್ತಿತು. ಇಟಲಿ 10 ಕೋಟಿ ರೂಪಾಯಿ ಕೊಟ್ಟ ಮೇಲೆ, 2021ರ ಜೂನ್‌ನಲ್ಲಿ, ಇಲ್ಲಿನ ಪ್ರಕರಣ ಮುಗಿಯಿತು. ಆ ಎರಡು ಕುಟುಂಬಗಳು ಒಂಬತ್ತು ವರ್ಷ ಕಾದವು. ಅಧಿಕಾರ ಯಾರದೆಂಬ ಜಗಳಕ್ಕೆ ಇಷ್ಟು ಕಾಲ ಹಿಡಿದದ್ದು ಅನ್ಯಾಯವೇ ಸರಿ.

ಕರ್ನಾಟಕದ ಕಾವಲು

ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಮಂಗಳೂರಿನಿಂದ ಕಾರವಾರದವರೆಗೆ ಹೆಜಮಾಡಿ, ಗಂಗೊಳ್ಳಿ, ಭಟ್ಕಳ, ಬೇಲೆಕೇರಿ ಮೊದಲಾದೆಡೆ ಠಾಣೆಗಳಿವೆ. ಗಸ್ತು ದೋಣಿ ಪಕ್ಕಕ್ಕೆ ಬಂದು ನಿಂತರೆ ಬೋಟಿನ ತಂಡೇಲ (ಮುಖ್ಯ ಚಾಲಕ) ನೋಂದಣಿ ಪತ್ರ, ಮೀನುಗಾರಿಕೆ ಪರವಾನಗಿ, ಕಲಾಸಿಗಳ (ಬೋಟಿನ ಕೆಲಸಗಾರರ) ಗುರುತಿನ ಚೀಟಿ ತೋರಿಸಬೇಕು. ಬೋಟಿನ ಮೈಮೇಲೆ ಬರೆದ ನೋಂದಣಿ ಸಂಖ್ಯೆ ಪತ್ರದ ಸಂಖ್ಯೆಗೆ ತಾಳೆಯಾಗಬೇಕು. 2008ರಲ್ಲಿ ಮುಂಬೈ ದಾಳಿಕೋರರು ಅಪಹರಿಸಿದ ಮೀನುಗಾರಿಕಾ ಬೋಟಿನಲ್ಲೇ ಬಂದ ಮೇಲೆ ಈ ತಪಾಸಣೆ ಬಿಗಿಯಾಯಿತು.

ಮೀನುಗಾರಿಕೆಯ ಶಿಸ್ತಿಗೆ 1986ರ ರಾಜ್ಯ ಕಾಯ್ದೆಯಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಅದರ ಬಲದಿಂದ ನಡೆಯುತ್ತದೆ. 12 ಮೈಲಿಯಾಚೆ ಅವೇ ದಿನಗಳಿಗೆ ಕೇಂದ್ರ ಬೇರೆ ಆದೇಶ ಹೊರಡಿಸುತ್ತದೆ. ಇಲ್ಲದಿದ್ದರೆ ಆಳಸಮುದ್ರದ ಬೋಟುಗಳಿಗೆ ನಿಷೇಧ ತಟ್ಟುತ್ತಲೇ ಇರಲಿಲ್ಲ.

ಗೆರೆ ದಾಟಿದ ಬೋಟು

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಕಡಲು ಮಹಾರಾಷ್ಟ್ರದ ಕಡೆಯದು, ದೂರು ಉಡುಪಿಯದು. ಹುಡುಕುವ ಸಾಮರ್ಥ್ಯ ಇದ್ದದ್ದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಗೆ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ರಸ್ತೆಗಿಳಿದರು. 2019ರ ಮೇ ಆರಂಭದಲ್ಲಿ ಐಎನ್‌ಎಸ್ ನಿರೀಕ್ಷಕ್ ಮಾಲ್ವಣ್ ಆಚೆ ಬೋಟಿನ ಅವಶೇಷ ಪತ್ತೆಹಚ್ಚಿತು. ಕಡಲ ಅಧಿಕಾರವೆಂದರೆ ದಂಡ ಹಾಕುವುದಷ್ಟೇ ಅಲ್ಲ, ಜೀವ ಹುಡುಕುವ ಹೊಣೆಯೂ ಹೌದೆಂಬುದು ಮಲ್ಪೆಯವರ ವಾದವಾಗಿತ್ತು. ಅದು ನ್ಯಾಯವಾದ ಮಾತು. ಕಡಲಲ್ಲಿ ಆಪತ್ತು ಬಂದರೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093 ಸಹಾಯವಾಣಿಗಳಿವೆ.