ಬೆದರುವ ಕುದುರೆಯೂ ಮೈಸೂರಿನ ರಾಜಬೀದಿಯೂ

ಕುದುರೆಯನ್ನು ಶೌರ್ಯದ ಚಿಹ್ನೆಯೆಂದು ಕವಿಗಳೂ ಶಿಲ್ಪಿಗಳೂ ಎಷ್ಟು ಕೊಂಡಾಡಿದ್ದರೂ ಆ ಪ್ರಾಣಿಯು ಸ್ವಭಾವತಃ ಬಹು ಭೀರುವಾದುದು. ಅದಕ್ಕೆ ಕೊಂಬಿಲ್ಲ, ಪಂಜವಿಲ್ಲ. ಅಪಾಯವನ್ನು ಕಂಡೊಡನೆ ಓಡುವುದೇ ಪ್ರಕೃತಿಯು ಅದಕ್ಕೆ ದಯಪಾಲಿಸಿರುವ ಮುಖ್ಯವಾದ ರಕ್ಷಣೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಹಣೆಯ ನೇರ ಮುಂದಣ ಮತ್ತು ಬಾಲದ ನೇರ ಹಿಂದಣ ಸ್ವಲ್ಪ ಸ್ಥಳವನ್ನುಳಿದು ಸುಮಾರು ೩೫೦ ಡಿಗ್ರಿಗಳಷ್ಟು ಸುತ್ತಳತೆಯನ್ನು ಅದು ನಿಂತಲ್ಲಿಯೇ ಕಾಣಬಲ್ಲುದು. ಮನುಷ್ಯನ ಕಿವಿಗೆ ನಿಲುಕದ ಕೀರಲು ಸ್ವರಗಳೂ ಅದಕ್ಕೆ ಕೇಳಿಸುತ್ತವೆ. ಇಂತಹ ಪ್ರಾಣಿಯನ್ನು, ಅದರಲ್ಲಿಯೂ ಇನ್ನೂ ಎಳೆಯದಾದುದನ್ನು, ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯ ಜನಸಮ್ಮರ್ದದ ನಡುವೆ ಗಂಭೀರವಾಗಿ ನಡೆಯಿಸಿಕೊಂಡು ಹೋಗುವುದು ಸಾಮಾನ್ಯವಾದ ವಿದ್ಯೆಯಲ್ಲ. ಈ ವಿದ್ಯೆಗೆ ನಮ್ಮ ನಾಡಿನಲ್ಲಿ ದೀರ್ಘವಾದ ಚರಿತ್ರೆಯೊಂದುಂಟು. ವಾಚಕರು ಪ್ರತಿವರ್ಷವೂ ಅದರ ಫಲವನ್ನು ನೋಡಿ ಸಂತೋಷಪಡುತ್ತಾರಾದರೂ ಮೂಲವನ್ನು ವಿಚಾರಿಸುವವರು ವಿರಳ.

ಮೂಲವನ್ನು ಅರಸುತ್ತ ಹೋದರೆ ಮೊದಲು ನಿಲ್ಲಬೇಕಾದ ಸ್ಥಳವು ಮೈಸೂರೇ ಆಗಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಇಲ್ಲಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳಷ್ಟೆ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳು ನಿರೂಪಿತವಾಗಿವೆ. ಸವಾರಿಯ ಕುದುರೆಯ ನಡಿಗೆಗಳನ್ನು ವಲ್ಗನ, ಲಂಘನ ಮೊದಲಾಗಿ ವಿಂಗಡಿಸುತ್ತ ಕಡೆಯಲ್ಲಿ ನಾರೋಷ್ಟ್ರವೆಂಬುದನ್ನು ಹೇಳಿದೆ. ಸವಾರನ ಸಂಜ್ಞೆಯನ್ನು ತಿಳಿದು ಅದರಂತೆ ವರ್ತಿಸುವುದೇ ಅದರ ಅರ್ಥ. ಓಟ ನೆಗೆತಗಳ ಸಾಲಿನಲ್ಲಿ ವಿಧೇಯತೆಯನ್ನೂ ಒಂದಾಗಿ ಎಣಿಸಿರುವುದು ಗಮನಾರ್ಹವಾಗಿದೆ.

ಅದೇ ಪ್ರಕರಣದಲ್ಲಿ ಇನ್ನೊಂದು ವಿಚಿತ್ರವಾದ ವಿಧಿಯಿದೆ. ಲಾಯದಲ್ಲಿ ಕೋತಿ, ನವಿಲು, ಚುಕ್ಕೆಯ ಜಿಂಕೆ, ಮುಂಗುಸಿ, ಚಕೋರ, ಗಿಳಿ, ಗೊರವಂಕ ಇವೆಲ್ಲವೂ ಇರತಕ್ಕದ್ದು! ಹಾವಿನ ಭಯವನ್ನೂ ವಿಷದ ಸೂಚನೆಯನ್ನೂ ಕಾರಣವಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ನನಗೆ ಮತ್ತೊಂದು ಪ್ರಯೋಜನವೂ ತೋರುತ್ತದೆ. ಇದು ನನ್ನ ಊಹೆಯೇ ಹೊರತು ಶಾಸ್ತ್ರದ ಮಾತಲ್ಲ. ಹುಟ್ಟಿದಂದಿನಿಂದ ತಲೆಯ ಮೇಲೆ ಕೋತಿ ನೆಗೆಯುವುದನ್ನೂ ಪಕ್ಕದಲ್ಲಿ ನವಿಲು ಕೂಗುವುದನ್ನೂ ಕಂಡು ಕೇಳಿ ಬೆಳೆದ ಮರಿಯು ಬೀದಿಗೆ ಬಂದಾಗ ಹಾರುವ ಒಂದು ಬಟ್ಟೆಗೆ ಬೆಚ್ಚುವುದೇ? ನಿಶ್ಶಬ್ದವಾದ ಲಾಯದಲ್ಲಿ ಬೆಳೆದುದಕ್ಕಿಂತ ಅದು ಎಷ್ಟೋ ಧೈರ್ಯವುಳ್ಳದ್ದಾಗಿರಬೇಕು.

ಕನ್ನಡದ ನೆಲದಲ್ಲಿಯೇ ಹುಟ್ಟಿದ ಮಾನಸೋಲ್ಲಾಸವನ್ನೂ ಇಲ್ಲಿ ಸ್ಮರಿಸಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಈ ಗ್ರಂಥದಲ್ಲಿ ವಾಜಿವಾಹ್ಯಾಲೀವಿನೋದವೆಂಬ ಭಾಗವಿದೆ. ಕುದುರೆಗಳ ಶಿಕ್ಷಣವನ್ನೂ, ಕುದುರೆಯೇರಿ ಆಡುವ ಚೆಂಡಾಟವನ್ನೂ ಅದು ವರ್ಣಿಸುತ್ತದೆ. ೧೬೨೭ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣಪಂಡಿತನು ಹಯಸಾರಸಮುಚ್ಚಯವನ್ನು ಕನ್ನಡದಲ್ಲಿ ಬರೆದನು. ದೂರದ ಗ್ರೀಸಿನಲ್ಲಿಯೂ ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿ ಕ್ಸೆನೊಫನ್ ಎಂಬ ಸೇನಾನಿಯು ಇದೇ ವಿಷಯವನ್ನು ವಿವೇಚಿಸಿದ್ದಾನೆ. ಮರಿಯನ್ನು ಜನರ ಗುಂಪಿನೊಳಗೆ ನಡೆಯಿಸಿ ಎಲ್ಲ ನೋಟಗಳಿಗೂ ಸದ್ದುಗಳಿಗೂ ಪಳಗಿಸಬೇಕು. ಬೆದರಿದಾಗ ಹೊಡೆಯಲಾಗದು, ಹೊಡೆದರೆ ಆ ನೋವಿಗೂ ಎದುರಿಗಿರುವ ವಸ್ತುವೇ ಕಾರಣವೆಂದು ಕುದುರೆಯು ತಿಳಿದು ಮತ್ತಷ್ಟು ಹೆದರುವುದು ಎಂಬುದು ಅವನ ಅಭಿಪ್ರಾಯ. ಇದಕ್ಕಿಂತ ಯುಕ್ತವಾದ ಮಾತನ್ನು ಈಚಿನ ಪಶುವಿಜ್ಞಾನಿಗಳೂ ಹೇಳಿಲ್ಲ. ಬಾಲಕರ ಶಿಕ್ಷಣದಲ್ಲಿ ಬಹುಕಾಲ ಬೆತ್ತವನ್ನು ನಂಬಿದ್ದ ನಮ್ಮ ಉಪಾಧ್ಯಾಯವರ್ಗವು ಇದನ್ನು ಓದಿದ್ದರೆ ಚೆನ್ನಾಗಿತ್ತು.

ಮೈಸೂರಿನ ಬೀದಿಗಳಲ್ಲಿ ಭಯವನ್ನು ಗೆಲ್ಲುವ ಮಾರ್ಗಗಳು ಎರಡಾಗಿದ್ದುವು. ಟಾಂಗಾ ಹೂಡುವ ಕುದುರೆಗೆ ಕಣ್ಣುಗಳ ಪಕ್ಕದಲ್ಲಿ ಚರ್ಮದ ಕಣ್ಕಾಪು ಕಟ್ಟುತ್ತಿದ್ದರು. ತನ್ನ ಬೆನ್ನಿಗೇ ಉರುಳಿ ಬರುವ ಚಕ್ರಗಳಾಗಲಿ, ಪಕ್ಕದಲ್ಲಿ ನುಗ್ಗುವ ಮೋಟಾರುಗಳಾಗಲಿ ಅದಕ್ಕೆ ಕಾಣಬಾರದೆಂದು ಹೀಗೆ ಮಾಡುವುದು. ನನ್ನ ಬಾಲ್ಯದಲ್ಲಿ ರೈಲ್ವೆ ಸ್ಟೇಷನ್ನಿನ ಮುಂದೆ ಹುರುಳಿಯ ಚೀಲಕ್ಕೆ ಮೂತಿಯಿಟ್ಟು, ಬಸ್ಸಿನ ಆರ್ಭಟಕ್ಕೂ ಕಿವಿಯಾಡಿಸದೆ ನಿಂತಿರುತ್ತಿದ್ದ ಟಾಂಗಾ ಕುದುರೆಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಅಶ್ವಸೈನ್ಯದ ಮಾರ್ಗವು ಬೇರೆ. ಸವಾರನ ಕುದುರೆಗೆ ನಾಲ್ಕು ಕಡೆಯೂ ಕಾಣಲೇಬೇಕಾದುದರಿಂದ ಅಲ್ಲಿ ಕಣ್ಕಾಪಿಗೆ ಅವಕಾಶವಿಲ್ಲ. ಭಯವನ್ನು ಮರೆಮಾಡುವುದು ಒಂದು ಉಪಾಯವಾದರೆ, ಭಯವಿಲ್ಲವೆಂದು ತೋರಿಸಿಕೊಡುವುದು ಇನ್ನೊಂದು. ಎರಡನೆಯದಕ್ಕೆ ಕಾಲವೂ ತಾಳ್ಮೆಯೂ ಹೆಚ್ಚಾಗಿ ಬೇಕು. ಆದರೆ ಕಣ್ಕಾಪಿನ ಪಟ್ಟಿ ಕಿತ್ತುಹೋದ ದಿನ ಮೊದಲನೆಯದರ ಗತಿಯೇನು?

ಆ ಎರಡನೆಯ ಶಿಕ್ಷಣದ ಪರಮಾವಧಿಯು ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲಸ್ತೀನದ ಹೈಫಾದಲ್ಲಿ ಕಂಡುಬಂದಿತು. ಜೋಧಪುರದ ಅಶ್ವದಳದೊಡನೆ ನಮ್ಮ ಮೈಸೂರು ಲ್ಯಾನ್ಸರ್ಸ್ ದಳವೂ ಕಾರ್ಮೆಲ್ ಬೆಟ್ಟದ ಮಗ್ಗುಲಲ್ಲಿ ಯಂತ್ರಬಂದೂಕುಗಳಿಗೂ ಫಿರಂಗಿಗಳಿಗೂ ಎದುರಾಗಿ ಕುದುರೆಗಳನ್ನು ನಡೆಯಿಸಿ ಪಟ್ಟಣವನ್ನು ಹಿಡಿಯಿತು. ಸ್ವಭಾವತಃ ಓಡಿಹೋಗತಕ್ಕ ಪ್ರಾಣಿಯು ಸದ್ದಿನ ಕಡೆಗೇ ಓಡಿತೆಂಬುದರಲ್ಲಿ ಎಷ್ಟು ವರ್ಷಗಳ ಅಭ್ಯಾಸವು ಅಡಗಿರಬೇಡ! ದೆಹಲಿಯ ತೀನ್‌ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸೈನ್ಯಗಳು ಭಾರತದ ಸೈನ್ಯದಲ್ಲಿ ಸೇರಿದ ಮೇಲೆ ೧೯೫೩ರಲ್ಲಿ ಏರ್ಪಟ್ಟು ೬೧ನೆಯ ಕ್ಯಾವಲ್ರಿಯೆಂದು ಹೆಸರಾದ ಕುದುರೆಯ ದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಪರಂಪರೆಯೂ ಸೇರಿಹೋಯಿತು. ಊರಿನಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿರುವುದು ಅಶ್ವಾರೋಹಿ ಪೊಲೀಸು ದಳ.

ದಸರೆಗೆ ಮುಂಚೆ ನಡೆಯುವ ಕುಶಾಲುತೋಪಿನ ತಾಲೀಮನ್ನು ಅನೇಕರು ಆನೆಗಳಿಗೆ ಮಾತ್ರವೇ ಎಂದು ತಿಳಿದಿದ್ದಾರೆ. ಅಲ್ಲಿ ಕುದುರೆಗಳೂ ನಿಂತಿರುತ್ತವೆ. ಏಳು ಫಿರಂಗಿಗಳಿಗೆ ಗುಂಡಿಲ್ಲದೆ ಮದ್ದನ್ನು ಮಾತ್ರ ತುಂಬಿ, ಒಂದೊಂದರಿಂದ ಮೂರು ಸಲದಂತೆ ೨೧ ಬಾರಿ ಹಾರಿಸುತ್ತಾರೆ. ಒಂದೇ ದಿನದಲ್ಲಿ ಇದು ಮುಗಿಯದು. ದಿನಗಳ ಅಂತರವಿಟ್ಟು ಪುನಃ ಪುನಃ ನಡೆಯುತ್ತದೆ. ಹಳೆಯ ಪ್ರಾಣಿಗಳ ಪಕ್ಕದಲ್ಲಿ ಹೊಸದನ್ನು ನಿಲ್ಲಿಸುವುದೇ ಇದರ ಮರ್ಮ. ಅನುಭವಸ್ಥನಾದ ಕುದುರೆಯು ಅಲುಗದಿರುವುದನ್ನು ಕಂಡು ಎಳೆಯದು ನಿಲ್ಲುವುದನ್ನು ಕಲಿಯುತ್ತದೆ. ಬಾಯಿಮಾತಿನಿಂದಲೂ ಚಾವಟಿಯಿಂದಲೂ ಸಾಧಿಸಲಾಗದುದು ಸಹವಾಸದಿಂದ ಸಾಧ್ಯವಾಗುತ್ತದೆ.

ಸದ್ದಿಗಿಂತಲೂ ಕಠಿನವಾದುದು ಆನೆಯ ಸಾಮೀಪ್ಯ. ಕ್ರಿಸ್ತಪೂರ್ವ ೩೨೬ರಲ್ಲಿ ಪೌರವನ ಗಜಸೈನ್ಯವನ್ನು ಕಂಡು ಅಲೆಗ್ಸಾಂಡರನ ಕುದುರೆಗಳು ಬೆದರಿದುವೆಂದು ಗ್ರೀಕ್ ಚರಿತ್ರಕಾರರು ಬರೆದಿದ್ದಾರೆ. ಮೈಸೂರಿನ ಕುದುರೆಗಾದರೋ ೭೫೦ ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆಯಿರುವ ಮೆರವಣಿಗೆಯಲ್ಲಿಯೇ, ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ೫ ಕಿಲೋಮೀಟರು ಹೆಜ್ಜೆ ತಪ್ಪದೆ ಹೋಗಬೇಕಾಗಿದೆ.

ಇಷ್ಟೆಲ್ಲ ಪಳಗಿದ ಮೇಲೂ ಉಳಿಯುವ ಅಪಾಯವೊಂದಿದೆ. ಅದು ಪ್ರೇಕ್ಷಕರ ಕಡೆಯಿಂದ ಬರತಕ್ಕದ್ದು. ತುತ್ತೂರಿ, ಸಿಳ್ಳು, ಮುಖದ ಮುಂದೆಯೇ ಥಟ್ಟನೆ ಮಿಂಚುವ ಮೊಬೈಲಿನ ಬೆಳಕು ಇವುಗಳಿಗೆ ತಾಲೀಮು ಕೊಡುವವರು ಯಾರೂ ಇಲ್ಲ. ಕುದುರೆಯೊಂದು ಬೆದರಿ ಪಕ್ಕಕ್ಕೆ ಸರಿದರೆ, ಹಗ್ಗದ ಆಚೆ ನೆಲದ ಮೇಲೆ ಕುಳಿತಿರುವವರಲ್ಲಿ ಮುದುಕರೂ ಮಕ್ಕಳೂ ಇರುತ್ತಾರೆ. ಹಿಂದಿನಿಂದ ಹೋಗಿ ಅದರ ಬೆನ್ನು ಸವರಬಾರದು, ಹತ್ತಿರ ಬಂದಾಗ ಕೊಡೆಯನ್ನು ಬಿಚ್ಚಬಾರದು ಎಂಬಿಷ್ಟನ್ನು ಮನೆಯ ಮಕ್ಕಳಿಗೆ ಹೊರಡುವ ಮುನ್ನವೇ ಹೇಳಿಕೊಡುವುದು ಲೇಸು.